ಕೊಪ್ಪರಿಗೆ ಇಳಿಸಿದವಳು

ಕಡಲಪಾಚಿ ಬೇಯಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಹಬೆಯೊಳಗೆ ನಿಂತವಳನ್ನು ಜನ ಹಬೆಯಕ್ಕ ಎನ್ನದೆ ಇನ್ನೇನು ಎಂದಾರು? ರಸ್ತೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲೇ ಸಿಕ್ಕರೂ ಅವಳು ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದಳು, ಎದುರಿಗಿದ್ದವರ ಮುಖ ಸರಿಯಾಗಿ ಕಾಣುತ್ತಿಲ್ಲವೇನೋ ಎಂಬಂತೆ. ಮಾತು ಕಡಿಮೆ, ಕಿವಿ ಚುರುಕು. ಕೊಪ್ಪರಿಗೆ ಕುದಿಯುವ ಸದ್ದು ಕೇಳಿಯೇ ಒಳಗಿನ ಪಾಚಿ ಎಷ್ಟು ಬೆಂದಿದೆ ಎಂದು ಹೇಳಬಲ್ಲವಳು.

ಕಡಲ ಬಂಡೆಗಳ ಮೇಲೆ ಬೆಳೆಯುವ ಕೆಂಪು ಪಾಚಿಯನ್ನು ಒಣಗಿಸಿ, ಬೇಯಿಸಿ, ಸೋಸಿದರೆ ಬರುವ ರಸ ತಣ್ಣಗಾದಂತೆ ತಾನಾಗಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ನೀರು ಹಿಂಡಿ, ಒಣಗಿಸಿ, ಪುಡಿ ಮಾಡಿದರೆ ಅದೇ ಅಗರ್. ಐಸ್‌ಕ್ರೀಮಿನವರಿಗೂ ಬೇಕು, ಮಾತ್ರೆ ಮಾಡುವವರಿಗೂ ಬೇಕು, ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ತಟ್ಟೆಯೊಳಗೆ ರೋಗಾಣು ಬೆಳೆಸಿ ನೋಡುವವರಿಗೂ ಬೇಕು. ಹೆಪ್ಪು ಗಟ್ಟಿಯಾದಷ್ಟೂ ಬೆಲೆ. ಆ ಗಟ್ಟಿತನ ಬರಬೇಕಾದರೆ ಪಾಚಿಯನ್ನು ಮೊದಲು ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಎರಡು ತಾಸು ಇಡಬೇಕು. ಆಮೇಲೆ ತೊಳೆದು ತೊಳೆದು ಸೋಡಾ ಬಿಡಿಸಿ, ಬರಿ ನೀರಿನಲ್ಲಿ ಇನ್ನು ನಾಲ್ಕು ತಾಸು ಬೇಯಿಸಬೇಕು. ಬೇಯಿಸುವ ಕೋಣೆಯಲ್ಲಿ ನೆಲದೊಳಗೆ ಅರ್ಧ ಹೂತ ಆರು ಕೊಪ್ಪರಿಗೆಗಳಿದ್ದವು. ನಾಲ್ಕು ನೀರಿನವು; ಗೋಡೆಯ ಕಡೆಯ ಎರಡು ಸೋಡಾದವು. ಪ್ರತಿ ಕೊಪ್ಪರಿಗೆಯ ಬಾಯಿಗೂ ಒಂದು ಅಡ್ಡಹಲಗೆ. ಅದರ ಮೇಲೆ ನಿಂತು, ಮರದ ಹುಟ್ಟು ಹಾಕಿ ತಿರುವುವವರು ಹೆಂಗಸರು, ಒಟ್ಟು ಹನ್ನೆರಡು ಜನ.

ಹಬೆಯಕ್ಕನಿಗಿಂತ ಮೊದಲು ಆ ಹಲಗೆಯ ಮೇಲೆ ನಿಂತವಳು ಅವಳ ಸ್ವಂತ ಅಕ್ಕ. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಒದ್ದೆ ಹಲಗೆಯ ಮೇಲೆ ಕಾಲು ಜಾರಿ ಅವಳು ಸೋಡಾ ಕೊಪ್ಪರಿಗೆಯೊಳಗೆ ಸೊಂಟದವರೆಗೆ ಇಳಿದುಬಿಟ್ಟಳು. ಪಕ್ಕದ ಹಲಗೆಯಲ್ಲಿದ್ದ ಹೆಂಗಸು ಹಿಂದುಮುಂದು ನೋಡದೆ ಎರಡೂ ಕೈ ಒಳಗೆ ಹಾಕಿ ಅವಳನ್ನು ಮೇಲಕ್ಕೆಳೆದಳು. ಹಾಗೆ ಎಳೆದವಳ ಮೊಣಕೈವರೆಗಿನ ಚರ್ಮ ಮುಂದೆ ಯಾವತ್ತೂ ಸರಿಹೋಗಲಿಲ್ಲ. ಎಣ್ಣೆಕಾಗದದ ಹಾಗೆ ನುಣ್ಣಗೆ ಉಳಿಯಿತು. ಹನ್ನೆರಡು ಜನರಲ್ಲಿ ಹಿರಿಯಳಾದ ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಸ್ಪತ್ರೆಗೆ ಒಯ್ಯುವ ಟೆಂಪೋದಲ್ಲಿ ಅಕ್ಕನಿಗೆ ನೋವೇ ಇರಲಿಲ್ಲವಂತೆ. ತನ್ನ ಕಾಲನ್ನು ತಾನೇ ಮುಟ್ಟಿ ನೋಡಿಕೊಂಡು, "ಜಾರ್ತಾ ಇದೆ ನೋಡೇ, ಸೋಪು ಹಚ್ಚಿದ ಹಾಗೆ" ಅಂದಳಂತೆ. ಒಂಬತ್ತು ದಿನ ಬದುಕಿದ್ದಳು.

ಅಕ್ಕನ ಮಗು ಪುಟ್ಟಿಗೆ ಆಗ ಮೂರು ವರ್ಷ. ಅವಳಪ್ಪ ಇನ್ನೊಂದು ಮದುವೆ ಮಾಡಿಕೊಂಡು ಬೇರೆ ಊರು ಸೇರಿದ. ಮಗು ಹಬೆಯಕ್ಕನ ಮಡಿಲಿಗೆ ಬಂತು, ಅಕ್ಕನ ಕೆಲಸವೂ ಅವಳ ಪಾಲಿಗೇ ಬಂತು. ಮದುವೆ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಗಂಡಿನ ಕಡೆಯವರು ಮಗುವನ್ನು ನೋಡಿದರು, ಅವರ ಮುಖವನ್ನು ಹಬೆಯಕ್ಕ ನೋಡಿದಳು, ಮಾತು ಅಲ್ಲಿಗೇ ನಿಂತಿತು. ಒಂದೂವರೆ ಕೋಣೆಯ ಮನೆ, ಕಿಟಕಿಗೆ ಎದುರಾಗಿ ಪಾಚಿ ಒಣಗಿಸುವ ಬಯಲು, ಬಟ್ಟೆಗೆ ಹಾಸಿಗೆಗೆ ತಲೆಕೂದಲಿಗೆ ಅದೇ ಉಪ್ಪು ವಾಸನೆ. ಅದರಲ್ಲೇ ಪುಟ್ಟಿ ಬೆಳೆದಳು. ಹತ್ತನೇ ಕ್ಲಾಸಿನ ನಂತರ ಓದು ಒಲ್ಲೆ ಎಂದಳು. ಬಟ್ಟೆ ಅಂಗಡಿ, ಟೈಲರ್, ಫೋನ್ ರಿಪೇರಿ ಅಂತ ನಾಲ್ಕು ಕಡೆ ಅಲೆದಳು. ಕೊನೆಗೊಂದು ದಿನ ಚಿಕ್ಕಮ್ಮನಿಗೆ ಹೇಳದೆ ಕೇಳದೆ ಕಾರ್ಖಾನೆಯ ಯಜಮಾನರನ್ನು ಕಂಡು ಬೇಯಿಸುವ ಕೋಣೆಗೇ ಕೆಲಸಕ್ಕೆ ಸೇರಿಕೊಂಡಳು.

"ಎಲ್ಲಾ ಬಿಟ್ಟು ಇಲ್ಲಿಗೇ ಬಂದ್ಯಲ್ಲೇ," ಎಂದು ಹಬೆಯಕ್ಕ ಹಣೆ ಚಚ್ಚಿಕೊಂಡಳು.

"ನೀನು ಸತ್ತಿಲ್ವಲ್ಲ ಚಿಕ್ಕಮ್ಮ, ನಾನೂ ಸಾಯಲ್ಲ ಬಿಡು," ಎಂದು ಪುಟ್ಟಿ ನಕ್ಕಳು.

ಆ ದಿನದಿಂದ ಹಬೆಯಕ್ಕನ ಒಂದು ಕಣ್ಣು ತನ್ನ ಕೊಪ್ಪರಿಗೆಯ ಮೇಲೆ, ಇನ್ನೊಂದು ಪುಟ್ಟಿಯ ಕಾಲಿನ ಮೇಲೆ.

ಯಂತ್ರ ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಮನೆಯಲ್ಲಿ ಊಟ ಬಿಸಿ ಮಾಡುವ ಮೈಕ್ರೋವೇವ್ ಒಲೆಯ ದೊಡ್ಡಣ್ಣ ಅದು: ಆಳೆತ್ತರದ ಸ್ಟೀಲಿನ ಪೆಟ್ಟಿಗೆ, ಒಳಗೆ ಮುಚ್ಚಳ ಬಿಗಿಯುವ ಪಾತ್ರೆ, ಹೊರಗೆ ಗುಂಡಿಗಳ ಸಾಲು. ಮೂರು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ತರಿಸಿದ್ದರು. ಕೆಲಸ ಮಾಡಿದರೆ ಕೊಳ್ಳುವುದು, ಇಲ್ಲದಿದ್ದರೆ ವಾಪಸ್ಸು. ನಾಲ್ಕು ತಾಸು ಬೇಯುವ ಪಾಚಿ ಅದರಲ್ಲಿ ಕಾಲು ಗಂಟೆಗೆ ಬೇಯುತ್ತದಂತೆ, ನೀರು ಅರ್ಧ ಸಾಕಂತೆ, ಸೌದೆ ಕಲ್ಲಿದ್ದಲು ಏನೂ ಬೇಡವಂತೆ. ಅದಕ್ಕಾಗಿ ಒಂದು ಕೋಣೆಗೆ ಹೊಸ ಬಣ್ಣ ಬಳಿಸಿದರು, ನೆಲಕ್ಕೆ ಟೈಲ್ಸ್ ಹಾಕಿಸಿದರು, ಎರಡು ಫ್ಯಾನು ಕೂರಿಸಿದರು. ಬೇಯಿಸುವ ಕೋಣೆಗೆ ಹತ್ತೊಂಬತ್ತು ವರ್ಷದಿಂದ ಒಂದೇ ಒಂದು ಫ್ಯಾನು, ಅದೂ ಕೆಟ್ಟಿತ್ತು.

"ಮನೆಗೆ ಅಳಿಯ ಬಂದಿದ್ದಾನೆ ಕಣ್ರೇ, ಸದ್ದು ಮಾಡಬೇಡಿ," ಎಂದಳು ದೊಡ್ಡಮ್ಮ. "ತಂಪಾದ ಕೋಣೆ ಕೊಡಬೇಕು, ಹೊತ್ತು ಹೊತ್ತಿಗೆ ತಿನ್ನಿಸಬೇಕು, ಏನೂ ಕೆಲಸ ಹೇಳಬಾರದು."

ಅಂದಿನಿಂದ ಯಂತ್ರದ ಹೆಸರು ಅಳಿಯ ಎಂದೇ ಆಯಿತು. "ಅಳಿಯ ಇವತ್ತು ಉಂಡನಾ?" "ಉಂಡ, ಆದ್ರೆ ಅರಗಲಿಲ್ಲ." ಹೀಗೆ ನಗುವಿಗೇನೂ ಬರವಿರಲಿಲ್ಲ. ನಿಜಕ್ಕೂ ಅಳಿಯನಿಗೆ ಅರಗುತ್ತಿರಲಿಲ್ಲ.

ಅವನ ಜೊತೆ ಬಂದವಳು ಒಬ್ಬ ಕೆಮಿಸ್ಟ್, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದಳು. ಊಟದ ಡಬ್ಬಿ ತೆರೆದಿಟ್ಟು ನಿಂತುಕೊಂಡೇ ಎರಡು ತುತ್ತು ಬಾಯಿಗಿಟ್ಟು ಮತ್ತೆ ಗುಂಡಿ ಒತ್ತಲು ಓಡುವಳು. ಯಂತ್ರದಿಂದ ಬಂದ ರಸವನ್ನು ಬಟ್ಟಲಿಗೆ ಹುಯ್ದು ಹೆಪ್ಪಾಗಿಸಿ, ಅದರ ಮೇಲೆ ಒಂದು ಸಣ್ಣ ಕಡ್ಡಿ ಇಳಿಯುವ ಉಪಕರಣ ಇಟ್ಟು, ಎಷ್ಟು ಭಾರಕ್ಕೆ ಹೆಪ್ಪು ಒಡೆಯುತ್ತದೆ ಎಂದು ನೋಡುವಳು. ಎಂಟುನೂರು ಗ್ರಾಂ ಬರಬೇಕಿತ್ತು. ಬರುತ್ತಿದ್ದದ್ದು ಮುನ್ನೂರು, ಇನ್ನೂರೈವತ್ತು. ಕೆಲವು ಸಲ ಬಟ್ಟಲು ವಾಲಿಸಿದರೆ ಹೆಪ್ಪೇ ಜಾರಿ ಬರುತ್ತಿತ್ತು. ಒಂದು ತಿಂಗಳು ಕಳೆಯಿತು. ಯಜಮಾನರು ದಿನಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ತೊಳೆಯುವ ತೊಟ್ಟಿಯ ಹಿಂದೆ, ಬೋರಲು ಹಾಕಿದ ಕ್ರೇಟುಗಳ ಮೇಲೆ ಕೂತು ಹೆಂಗಸರು ಟೀ ಕುಡಿಯುವಾಗ ದೊಡ್ಡಮ್ಮ ಆ ಮಾತು ಎತ್ತಿದಳು. "ಆ ಹುಡುಗಿ ನಮ್ಮನ್ನ ಕೇಳೋಕೆ ಬರ್ತಾಳೆ. ಇವತ್ತಲ್ಲ ನಾಳೆ ಬಂದೇ ಬರ್ತಾಳೆ. ಗೊತ್ತಿಲ್ಲ ಅಂದುಬಿಡಿ. ಸುಳ್ಳೇನಲ್ಲವಲ್ಲ, ನಾವೇನು ಓದಿದವರಾ?"

ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಅಳಿಯ ಇಲ್ಲೇ ತಳವೂರಿದರೆ ತಾವು ಕಾಲು ಕೀಳಬೇಕಾದೀತು ಎಂಬುದು ಬಿಡಿಸಿ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಾಗಿ ಹೂಂ ಅಂದರು. ಪುಟ್ಟಿ ಅಂದಳು. ಹಬೆಯಕ್ಕನೂ ಅಂದಳು.

ಕೆಮಿಸ್ಟ್ ಬಂದಳು ಕೂಡ. ನೋಟುಪುಸ್ತಕ ಹಿಡಿದು ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಹೋಗಿ, "ಅಕ್ಕ, ಬೆಂದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

"ಗಂಟೆ ನೋಡಿ ಮೇಡಂ," ಎಂದರು ಗಡಿಯಾರವೇ ಇಲ್ಲದ ಕೋಣೆಯ ಹೆಂಗಸರು.

ಎಂಟು ದಿನ ಕಳೆದಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದ ಪುಟ್ಟಿ ಸೋಡಾ ಕೊಪ್ಪರಿಗೆಯ ಹಲಗೆ ಹತ್ತಿದಳು. ಅಡಿಯಲ್ಲಿ ಗಂಟುಕಟ್ಟಿದ ಪಾಚಿಯನ್ನು ಹುಟ್ಟಿನಿಂದ ಮೀಟುವಾಗ ಅದು ಒಮ್ಮೆಲೇ ಬಿಟ್ಟುಕೊಂಡು, ನೀರು ಚಿಮ್ಮಿ ಅವಳ ಬಲಗೈ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಕೆಳಗಿಳಿದು ನಲ್ಲಿಯತ್ತ ನಡೆಯುತ್ತ ಇನ್ನೊಂದು ಕೈಯಿಂದ ಆ ಜಾಗ ಸವರಿಕೊಂಡಳು.

"ಏನಿದು ಚಿಕ್ಕಮ್ಮ, ಜಾರ್ತಾ ಇದೆ. ಸೋಪಿನ ಹಾಗೆ."

ಹಬೆಯಕ್ಕ ಹುಟ್ಟು ಬಿಸಾಕಿ ಓಡಿಬಂದು, ಪುಟ್ಟಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಅವಳು ಸಾಕು ಸಾಕು ಎಂದರೂ ಬಿಡದೆ ಅರ್ಧ ಗಂಟೆ ನೀರು ಬಿಟ್ಟಳು. ಅಂಗೈಯಗಲದ ಗಾಯ. ಡಾಕ್ಟರು ಮುಲಾಮು ಹಚ್ಚಿ, ಮೂರು ವಾರಕ್ಕೆ ಮಾಯುತ್ತದೆ, ಅದೃಷ್ಟ ಎಂದರು. ಪುಟ್ಟಿ ಅದನ್ನೂ ತಮಾಷೆ ಮಾಡಿದಳು.

ಮಾರನೆಯ ದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಅವಳು ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೆಮಿಸ್ಟ್ ಒಬ್ಬಳೇ ಇದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಮೇಡಂ, ಒಂದು ಮಾತು ಕೇಳ್ಲಾ? ಇದು ನಿಮ್ಮ ಕೈಗೆ ಹತ್ತಿದ್ರೆ ಕೊಪ್ಪರಿಗೆ ಇರುತ್ತಾ?"

"ಇರಲ್ಲ ಅಕ್ಕ."

"ಸೋಡಾದ್ದು?"

"ಅದೇ ಮೊದಲು ಹೋಗುತ್ತೆ. ಸೋಡಾ ಕೂಡ ಇದರ ಒಳಗೇ, ಮುಚ್ಚಿದ ಪಾತ್ರೇಲಿ. ಪೈಪಲ್ಲಿ ಬರುತ್ತೆ, ಪೈಪಲ್ಲಿ ಹೋಗುತ್ತೆ. ಯಾರೂ ಮೇಲೆ ನಿಲ್ಲಬೇಕಾಗಿಲ್ಲ."

"ಮತ್ತೆ ನಮ್ಮ ಜನ?"

"ತೊಳೆಯೋಕೆ, ಒಣಗಿಸೋಕೆ, ಪ್ಯಾಕ್ ಮಾಡೋಕೆ ಜನ ಬೇಕೇ ಬೇಕಲ್ಲ. ಯಜಮಾನರು ಹಾಗೇ ಹೇಳಿದ್ದಾರೆ." ಅವಳು ನಂಬಿಯೇ ಹೇಳಿದಳು. ಹಬೆಯಕ್ಕನೂ ನಂಬಿದಳು, ನಂಬುವುದು ಅವಳಿಗೆ ಬೇಕಾಗಿತ್ತು.

ಅವಳು ಒಳಗೆ ಬಂದು, ಚಪ್ಪಲಿ ಬಿಟ್ಟು, ಟಬ್ಬಿನಲ್ಲಿ ನೆನೆಹಾಕಿದ್ದ ಪಾಚಿಗೆ ಕೈ ಹಾಕಿದಳು. ಒಂದು ಕಡ್ಡಿ ತೆಗೆದು ಉಗುರಿನಿಂದ ಸೀಳಿ ತೋರಿಸಿದಳು. "ನಡುವೆ ಬಿಳಿ ಗೆರೆ ಕಾಣ್ತಾ ಇದೆಯಲ್ಲ? ನೀರು ಒಳಗೆ ಹೋಗೇ ಇಲ್ಲ. ನೀವು ಗಂಟೆ ಲೆಕ್ಕದಲ್ಲಿ ನೆನೆಸ್ತೀರಿ. ಇದು ಬೆಳಿಗ್ಗೆಯಿಂದ ಸಂಜೆವರೆಗೂ ನೆನೀಬೇಕು, ಬಿಳಿ ಗೆರೆ ಹೋಗೋವರೆಗೆ. ಇಲ್ಲದಿದ್ರೆ ಮೇಲಿನದು ಕರಗಿ ಹಾಳಾಗುತ್ತೆ, ಒಳಗಿನದು ಹಸಿಯಾಗೇ ಇರುತ್ತೆ." ಇನ್ನೊಂದು ಮುಷ್ಟಿ ಎತ್ತಿದಳು. "ಇದು ಎಳೇದು, ದಡದ ಬಂಡೆಯದು. ಇದು ಬಲಿತದ್ದು, ಆಚೆ ಬಂಡೆಯದು. ಎರಡನ್ನೂ ಒಟ್ಟಿಗೆ ಹಾಕಿದ್ರೆ ಹೇಗೆ? ಗಟ್ಟಿ ಹೆಪ್ಪು ಬೇಕು ಅಂದ್ರೆ ಬಲಿತದ್ದು ಮಾತ್ರ. ಆಮೇಲೆ, ಹೆಪ್ಪು ಬರಲಿಲ್ಲ ಅಂತ ನೀವು ಇನ್ನೂ ಇನ್ನೂ ಕಾಯಿಸ್ತೀರಿ. ಅದು ಬೇಯಿಸೋದಲ್ಲ ಮೇಡಂ, ಕೊಲ್ಲೋದು. ಬಿಟ್ಟು ಬಿಟ್ಟು ಕಾಯಿಸಿ. ತೆಗೆದು, ಎರಡು ಬೆರಳಲ್ಲಿ ಹಿಸುಕಿ ನೋಡಿ. ನಾರು ಸಿಗಲಿಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ."

ಕೆಮಿಸ್ಟ್ ಬರೆದುಕೊಳ್ಳುತ್ತಲೇ ಇದ್ದಳು. ಬಲಿತದ್ದನ್ನೇ ಆರಿಸಿ, ಸಂಜೆಯವರೆಗೆ ನೆನೆಸಿ, ಮೂರು ಮೂರು ನಿಮಿಷ ಬಿಟ್ಟು ಬಿಟ್ಟು ಕಾಯಿಸಿದ ಮೊದಲ ಬಟ್ಟಲು ಆರುನೂರ ಎಪ್ಪತ್ತಕ್ಕೆ ಒಡೆಯಿತು. ಇನ್ನೊಂದು ವಾರದಲ್ಲಿ ಎಂಟುನೂರ ನಲವತ್ತು ಬಂತು.

ಯಂತ್ರವನ್ನು ಕೊಂಡರು. ಅದರ ಜೊತೆಗೆ ಇನ್ನೊಂದೂ ಬಂತು. ತೊಳೆಯಲು ತಿರುಗುವ ಡ್ರಮ್ಮು ಬಂತು, ಒಣಗಿಸಲು ಬಿಸಿಗಾಳಿಯ ಪೆಟ್ಟಿಗೆ ಬಂತು. ಯಜಮಾನರು ತೊಟ್ಟಿಯ ಹತ್ತಿರ ಎಲ್ಲರನ್ನೂ ಕರೆದು, ಅಷ್ಟೂ ಹೊತ್ತು ತಮ್ಮ ಬೂಟಿನ ತುದಿಯನ್ನೇ ನೋಡುತ್ತ, ಕಾಲ ಬದಲಾಯಿತು, ನನ್ನ ಕೈಯಲ್ಲೂ ಏನಿಲ್ಲ ಎಂದರು. ಹನ್ನೊಂದು ಜನಕ್ಕೆ ಕೆಲಸ ಇಲ್ಲ. ಹಬೆಯಕ್ಕ ಒಬ್ಬಳು ಪಾಚಿ ಆರಿಸಿ ಯಂತ್ರಕ್ಕೆ ಹಾಕಲು ಇರಲಿ.

ಆ ಹೊತ್ತಿಗೆ ಗ್ಯಾಸ್ ಕಟ್ಟರ್ ಹಿಡಿದವರು ಸೋಡಾ ಕೊಪ್ಪರಿಗೆಯನ್ನು ಕತ್ತರಿಸುತ್ತಿದ್ದರು. ಕಿಡಿ ಹಾರುತ್ತಿತ್ತು. ಕೆಮಿಸ್ಟ್‌ಗೆ ಸಂಕಟವಾಗಿತ್ತೋ, ಏನಾದರೂ ಒಳ್ಳೆಯ ಮಾತು ಆಡಬೇಕೆನ್ನಿಸಿತೋ, ಪುಟ್ಟಿಯ ಹತ್ತಿರ ಬಂದು ಎಲ್ಲರಿಗೂ ಕೇಳುವ ಹಾಗೆ, "ನಿಮ್ಮ ಚಿಕ್ಕಮ್ಮ ಹೇಳಿಕೊಡದೇ ಇದ್ದಿದ್ರೆ ನನ್ನ ಕೈಲಿ ಇದು ಆಗ್ತಾನೇ ಇರಲಿಲ್ಲ. ಅವರು ದೊಡ್ಡವರು," ಎಂದಳು.

ಹನ್ನೊಂದು ಜನ ತಿರುಗಿ ನೋಡಿದರು. ಯಾರೂ ಬೈಯಲಿಲ್ಲ. ತಮ್ಮ ತಮ್ಮ ಊಟದ ಡಬ್ಬಿ, ರಬ್ಬರ್ ಚಪ್ಪಲಿ, ಮೂಲೆಯಲ್ಲಿ ನೇತುಹಾಕಿದ್ದ ಹಳೇ ಸ್ವೆಟರು ತೆಗೆದುಕೊಂಡು ಹೊರಟರು. ದೊಡ್ಡಮ್ಮ ಮಾತ್ರ ಹಬೆಯಕ್ಕನ ಮುಂದೆ ನಿಂತಳು.

"ಯಾಕೆ ಹೇಳ್ದೆ?"

"ಇವಳ ಕೈ ಸುಟ್ಟಿತ್ತು ದೊಡ್ಡಮ್ಮ."

ದೊಡ್ಡಮ್ಮ ತನ್ನ ಎರಡೂ ಕೈ ಮುಂದೆ ಚಾಚಿದಳು. "ನಿಮ್ಮಕ್ಕನ್ನ ಮೇಲೆತ್ತಿದ್ದು ಇದೇ ಕೈ. ನಂಗೊಂದು ಮಾತು ಹೇಳಿದ್ರೆ ಬೇಡ ಅಂತಿದ್ನೇನೇ?"

ಹೇಳಬಹುದಿತ್ತು ಎಂಬುದು ಹಬೆಯಕ್ಕನಿಗೆ ಅದುವರೆಗೂ ಹೊಳೆದೇ ಇರಲಿಲ್ಲ.

ಪುಟ್ಟಿ ಮನೆಯಲ್ಲಿ ಮಾತು ನಿಲ್ಲಿಸಿದಳು. ಅಡುಗೆ ಮಾಡಿಡುತ್ತಿದ್ದಳು, ಚಿಕ್ಕಮ್ಮನ ಬಟ್ಟೆಯನ್ನೂ ಒಗೆದು ಹಾಕುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಅಳಿಯನ ಹಸಿವು ಮಾತ್ರ ದೊಡ್ಡದಾಗಿತ್ತು. ಆರು ಕೊಪ್ಪರಿಗೆ ದಿನಕ್ಕೆ ತಿನ್ನುತ್ತಿದ್ದ ಪಾಚಿಯನ್ನು ಅವನು ಮಧ್ಯಾಹ್ನದೊಳಗೆ ಮುಗಿಸುತ್ತಿದ್ದ. ಯಾರು ತಂದರೂ ಹಸಿ ಪಾಚಿ ಕೊಳ್ಳುತ್ತೇವೆಂದು ಗೇಟಿಗೆ ಬೋರ್ಡು ಹಾಕಿದರು. ಕೆಲಸ ಕಳೆದುಕೊಂಡವರಲ್ಲಿ ಎಂಟು ಜನ, ಅವರ ಜೊತೆ ಪುಟ್ಟಿಯೂ, ಬಂಡೆಗಳಿಗೆ ಇಳಿದರು. ಕಡಲು ಇಳಿದ ಹೊತ್ತು ನೋಡಿಕೊಂಡು ಹೋಗುವುದು, ಮೊಣಕಾಲವರೆಗಿನ ನೀರಿನಲ್ಲಿ ಬಗ್ಗಿ ಪಾಚಿ ಕೀಳುವುದು, ಗೋಣಿಗೆ ತುಂಬುವುದು, ನೀರು ಏರುವುದರೊಳಗೆ ದಡ ಸೇರುವುದು. ಗೇಟಿನಲ್ಲಿ ಗೋಣಿ ಬಿಚ್ಚಿ ನೋಡುವವಳು ಹಬೆಯಕ್ಕ.

ಬಲಿತ ಪಾಚಿ ಇದ್ದದ್ದು ಆಳ ನೀರಿನಂಚಿನ ಆಚೆ ಬಂಡೆಯಲ್ಲಿ. ದಡದ ಬಂಡೆಯ ಎಳೆಯ ಪಾಚಿ ತಂದರೆ ವಾಪಸ್ಸು ಕಳಿಸಬೇಕಿತ್ತು. ಕಳಿಸದಿದ್ದರೆ ಸಂಜೆ ಬಟ್ಟಲಿನಲ್ಲಿ ಅಂಕಿ ಇಳಿದು ಯಜಮಾನರು ಬಂದು ನಿಲ್ಲುತ್ತಿದ್ದರು. ಹೆಂಗಸರು ಅವಳ ಮುಖ ನೋಡದೆ ಗೋಣಿ ಇಡುತ್ತಿದ್ದರು, ಬೇಡ ಅಂದರೆ ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ಒಬ್ಬಳೇ ಮಾತಾಡುವವಳು. ಒಂದು ದಿನ ಅವಳು ತಂದ ಗೋಣಿಯಲ್ಲಿ ಅರ್ಧಕ್ಕರ್ಧ ಎಳೆಯದೇ ಇತ್ತು.

"ದೊಡ್ಡಮ್ಮ, ಇದು..."

"ಗೊತ್ತು ಬಿಡು. ಎಳೇದು ಯಾವುದು ಬಲಿತದ್ದು ಯಾವುದು ಅಂತ ನಿಂಗೆ ಕಲಿಸಿದವಳೇ ನಾನು." ದೊಡ್ಡಮ್ಮ ನಕ್ಕಳು. "ಆಚೆ ಬಂಡೆಗೆ ಹೋಗ್ತೀನಿ. ಈ ವಯಸ್ಸಲ್ಲಿ ಈಜು ಕಲಿಯೋ ಯೋಗ ಇದೆ ನಂಗೆ."

"ಬೇಡ, ಹೋಗಬೇಡಿ. ಇವತ್ತಿಗೆ ಇದನ್ನೇ ತಗೋತೀನಿ."

"ಇವತ್ತು ತಗೋತೀಯ. ನಾಳೆ?"

ಅವಳು ಗೋಣಿ ಎತ್ತಿಕೊಂಡು ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪುಟ್ಟಿ ಗೇಟಿಗೆ ಬಂದಳು. ಗೋಣಿ ಇರಲಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಯ್ದಿದ್ದ ಬಲಗೈಯ ಗಾಯ ಕಲ್ಲಿಗೆ ಉಜ್ಜಿ ಮತ್ತೆ ಹಸಿಯಾಗಿತ್ತು.

"ಚಿಕ್ಕಮ್ಮ," ಎಂದಳು. ಏಳು ವಾರದ ನಂತರ ಅವಳ ಬಾಯಿಂದ ಬಂದ ಮೊದಲ ಮಾತು. "ಹಿಡ್ಕೊಂಡಿದ್ದೆ. ಇದೇ ಕೈಯಲ್ಲಿ ಹಿಡ್ಕೊಂಡಿದ್ದೆ. ಅವರ ಕೈ ನುಣ್ಣಗೆ... ಆ ಸುಟ್ಟ ಚರ್ಮ ಇದೆಯಲ್ಲ, ಹಿಡಿತಾನೇ ಸಿಗಲಿಲ್ಲ."

ಆಚೆ ಬಂಡೆಯ ಅಂಚಿನಲ್ಲಿ ಇಬ್ಬರೂ ಬಗ್ಗಿ ಕೀಳುತ್ತಿದ್ದರಂತೆ. ಬೆನ್ನ ಹಿಂದಿನಿಂದ ಬಂದ ಅಲೆ ದೊಡ್ಡದೇನಲ್ಲ, ಆದರೆ ಹೆಗಲಿಗೆ ಕಟ್ಟಿಕೊಂಡಿದ್ದ ತುಂಬಿದ ಗೋಣಿ ದೊಡ್ಡಮ್ಮನನ್ನು ಹಿಂದಕ್ಕೆಳೆಯಿತು. ಪುಟ್ಟಿ ಎರಡು ಸಲ ಹಿಡಿದಳು, ಎರಡು ಸಲವೂ ಕೈ ಜಾರಿತು. ಮೂರನೆಯ ಅಲೆಗೆ ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಮೀನಿನ ದೋಣಿಯವರು ಹೆಣ ತಂದರು. ಗೋಣಿ ಇನ್ನೂ ಹೆಗಲಲ್ಲೇ ಇತ್ತು. ಒಳಗಿದ್ದದ್ದು ಅಷ್ಟೂ ಬಲಿತ ಪಾಚಿ.

ದೊಡ್ಡಮ್ಮನ ಮನೆಯ ಮುಂದೆ ಹೆಂಗಸರು ಸೇರಿದ್ದರು. ಹಬೆಯಕ್ಕ ಹೋದಾಗ ಯಾರೂ ಅಡ್ಡಿ ಮಾಡಲಿಲ್ಲ, ಜಾಗವನ್ನೂ ಬಿಡಲಿಲ್ಲ. ಗೋಡೆಗೆ ಒರಗಿ ನಿಂತಳು. ದೊಡ್ಡಮ್ಮನ ಸೊಸೆ ಒಳಗಿನಿಂದ ಬಂದು ಅವಳನ್ನು ನೋಡಿ, ಮತ್ತೆ ಒಳಗೆ ಹೋದಳು. ಹಬೆಯಕ್ಕ ಎರಡು ತಾಸು ನಿಂತಿದ್ದು, ಹೆಣ ಎತ್ತಿದ ಮೇಲೆ ಎಲ್ಲರಿಗಿಂತ ಹಿಂದೆ ನಡೆದಳು.

ಮಾರನೆಯ ದಿನ ಅವಳು ಯಜಮಾನರ ಕೋಣೆಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಗೆ ಅವಳು ಕಾಲಿಟ್ಟದ್ದು ಅದು ಎರಡನೆಯ ಸಲ. ಮೊದಲನೆಯದು ಅಕ್ಕ ತೀರಿಕೊಂಡಾಗ.

"ದಡದ ಪಾಚೀನೂ ತಗೊಳ್ಳಿ. ಅಂಕಿ ಸ್ವಲ್ಪ ಕಡಿಮೆ ಬರುತ್ತೆ, ಅಷ್ಟೇ. ಆಚೆ ಬಂಡೆಗೆ ಯಾರೂ ಹೋಗೋದು ಬೇಡ."

"ನೋಡಮ್ಮ, ಅಲ್ಲಿಗೆ ಹೋಗು ಅಂತ ನಾನು ಯಾರಿಗೂ ಹೇಳಿಲ್ಲ. ಅವರು ನಮ್ಮ ಕೆಲಸದವರೂ ಅಲ್ಲ."

"ಇಲ್ಲ ಅಂದ್ರೆ ನಾನು ನಾಳೆಯಿಂದ ಬರಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ದನಿ ಏರಿಸಲಿಲ್ಲ. "ನೀನು ಹೇಳಿಕೊಟ್ಟದ್ದೆಲ್ಲಾ ಆ ಹುಡುಗಿ ಬರೆದಿಟ್ಟಿದ್ದಾಳಮ್ಮ. ಗೋಡೆ ಮೇಲೆ ಚಿತ್ರ ಸಮೇತ ಅಂಟಿಸಿದ್ದೀವಿ. ನೀನಿದ್ದರೆ ಅನುಕೂಲ. ಇಲ್ಲದಿದ್ದರೆ ನಡೆಯಲ್ಲ ಅಂತೇನಿಲ್ಲ."

ಕೆಮಿಸ್ಟ್ ಹುಡುಗಿ ಎರಡು ದಿನ ಊಟದ ಡಬ್ಬಿ ತೆರೆಯಲಿಲ್ಲ. ಎಳೆಯ ಪಾಚಿಯಲ್ಲೇ ಗಟ್ಟಿ ಹೆಪ್ಪು ಬರಿಸಲು ಸೋಡಾ ಹೆಚ್ಚಿಸಿ, ಹೊತ್ತು ಬದಲಿಸಿ ಹತ್ತಾರು ಬಟ್ಟಲು ಮಾಡಿ ನೋಡಿದಳು. ಐನೂರ ಅರವತ್ತರ ಮೇಲೆ ಹೋಗಲಿಲ್ಲ. ಯಂತ್ರದ ಜೊತೆ ಬಂದವಳು, ಯಂತ್ರ ಹದಕ್ಕೆ ಬಂದ ಮೇಲೆ ಇನ್ನೊಂದು ಕಾರ್ಖಾನೆಗೆ ಹೋಗಬೇಕಿತ್ತು. ಹೋಗುವ ದಿನ ಹಬೆಯಕ್ಕನ ಕೈ ಹಿಡಿದುಕೊಂಡು, "ನಾನು ಕೆಟ್ಟದ್ದು ಮಾಡಿದೆನಾ ಅಕ್ಕ?" ಎಂದು ಕೇಳಿದಳು.

"ನೀವು ಕೇಳಿದ್ರಿ. ಹೇಳಿದವಳು ನಾನು," ಎಂದಳು ಹಬೆಯಕ್ಕ.

ಆಮೇಲೆ ಅವಳು ಮಾಡಿದ ಕೆಲಸ ಹೀಗಿತ್ತು. ಗೇಟಿನಲ್ಲಿ ಯಾವ ಗೋಣಿಯನ್ನೂ ವಾಪಸ್ಸು ಕಳಿಸಲಿಲ್ಲ. ಎಳೆಯದು ಬಂದರೂ ಬಲಿತದ್ದು ಎಂದೇ ಒಳಗೆ ಬಿಟ್ಟಳು. ಇದು ಹೆಂಗಸರಿಗೆ ತಿಳಿಯಲು ಎರಡು ದಿನ ಹಿಡಿಯಿತು. ತಿಳಿದ ಮೇಲೆ ಆಚೆ ಬಂಡೆಯ ಕಡೆ ಯಾರೂ ಸುಳಿಯಲಿಲ್ಲ. ಅವರೂ ಬಾಯಿ ಬಿಡಲಿಲ್ಲ, ಇವಳೂ ಬಿಡಲಿಲ್ಲ. ಬಟ್ಟಲಿನ ಅಂಕಿ ಏಳುನೂರಕ್ಕೆ, ಆಮೇಲೆ ಐನೂರಕ್ಕೆ ಇಳಿಯಿತು. ನೆನೆಸಿದ್ದು ಸಾಲದೇನೋ, ನೀರಿನಲ್ಲಿ ಉಪ್ಪಿನಂಶ ಹೆಚ್ಚೇನೋ ಎಂದು ಅವಳು ದಿನಕ್ಕೊಂದು ನೆಪ ಹೇಳಿದಳು. ಹುಟ್ಟಿದಾಗಿನಿಂದ ಅಷ್ಟು ಸುಳ್ಳು ಹೇಳಿದವಳಲ್ಲ. ಐದು ವಾರ ನಡೆಯಿತು. ಒಂದು ದಿನ ಕೊಂಡವರು ಇಡೀ ಸರಕು ವಾಪಸ್ಸು ಕಳಿಸಿದರು. ಯಜಮಾನರು ತಾವೇ ಗೇಟಿಗೆ ಬಂದು, ಒಂದು ಗೋಣಿಗೆ ಕೈ ಹಾಕಿ, ಒಂದು ಕಡ್ಡಿ ಎತ್ತಿ, ಗೋಡೆಯ ಮೇಲಿನ ಚಿತ್ರಕ್ಕೆ ಹಿಡಿದು ನೋಡಿದರು.

"ಮನೆಗೆ ಹೋಗಮ್ಮ," ಎಂದರು, ಅಷ್ಟೇ.

ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದರೆ ಪುಟ್ಟಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಒಳನಾಡಿನ ಪಟ್ಟಣದಲ್ಲಿ ಹಾಸ್ಟೆಲಿನ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿತ್ತು. ಕಡಲಿನಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ.

"ಕೆಲಸ ಹೋಯ್ತಾ?" ಎಂದು ಕೇಳಿದಳು.

"ಹೋಯ್ತು."

ಪುಟ್ಟಿ ಒಂದು ಲಂಗ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ನೀನು ಯಾಕೆ ಹೇಳಿದೆ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು ಚಿಕ್ಕಮ್ಮ. ನನ್ನ ಸಲುವಾಗಿ ಅಂತ. ಅದೇ ಕಷ್ಟ. ನಿನ್ನ ಮೇಲೆ ಸಿಟ್ಟು ಮಾಡೋಕೂ ಆಗಲ್ಲ, ಮಾಡದೇ ಇರೋಕೂ ಆಗಲ್ಲ. ರೆಪ್ಪೆ ಮುಚ್ಚಿದ್ರೆ ದೊಡ್ಡಮ್ಮನ ಕೈ ಬರುತ್ತೆ. ಇಲ್ಲಿದ್ರೆ ನಿನ್ನ ಮುಖ ನೋಡಿದಾಗೆಲ್ಲಾ ಅದೇ ಬರುತ್ತೆ."

"ನಿನ್ನ ಕೈ ತೋರಿಸು," ಎಂದಳು ಹಬೆಯಕ್ಕ.

ಪುಟ್ಟಿ ತೋರಿಸಿದಳು. ಗಾಯ ಮಾಯ್ದಿತ್ತು. ಗುಲಾಬಿ ಬಣ್ಣದ, ಕೂದಲಿಲ್ಲದ, ಅಂಗೈಯಗಲದ ಜಾಗ. ಹಬೆಯಕ್ಕ ಅದರ ಮೇಲೆ ಬೆರಳಾಡಿಸಿ ನೋಡಿ, "ಒಗೆಯೋ ಕಡೆ ಸೋಡಾ ಪುಡಿ ಇರುತ್ತೆ. ಗ್ಲೌಸ್ ಕೇಳಿ ತಗೋ. ಕೊಡಲಿಲ್ಲ ಅಂದ್ರೆ ಜಗಳ ಆಡು," ಎಂದಳು.

"ಆಡ್ತೀನಿ."

ಮಾರನೆಯ ಬೆಳಿಗ್ಗೆಯ ಬಸ್ಸಿಗೆ ಪುಟ್ಟಿ ಹೋದಳು. ಭಾನುವಾರ ಫೋನ್ ಮಾಡುತ್ತಾಳೆ. ಊಟ ಆಯ್ತಾ, ಮಂಡಿ ನೋವು ಹೇಗಿದೆ, ಇಲ್ಲಿ ನೀರು ಗಡುಸು, ಇಷ್ಟೇ ಮಾತು. ಗ್ಲೌಸ್ ಕೊಟ್ಟಿದ್ದಾರಂತೆ.

ಹಬೆಯಕ್ಕನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಒಂದು ವಾರ ಮನೆಯಲ್ಲಿ ಕೂತು, ಆಮೇಲೆ ಗೋಣಿ ತೆಗೆದುಕೊಂಡು ಅವಳೂ ಬಂಡೆಗೆ ಇಳಿದಳು. ಗೇಟಿನಲ್ಲಿ ಈಗ ತೂಕದವನೊಬ್ಬ ಗೋಡೆಯ ಚಿತ್ರ ನೋಡಿ ಪಾಚಿ ಆರಿಸುತ್ತಾನೆ. ಎಳೆಯದನ್ನು ಅರ್ಧ ಬೆಲೆಗೆ ತೆಗೆದುಕೊಳ್ಳುತ್ತಾನೆ, ಕೆಲವು ದಿನ ಬೇಡವೇ ಬೇಡ ಎನ್ನುತ್ತಾನೆ. ಮತ್ತೆ ಒಬ್ಬಿಬ್ಬರು ಆಚೆ ಬಂಡೆಯ ಕಡೆ ನೋಡತೊಡಗಿದ್ದಾರೆ. ಹಬೆಯಕ್ಕನಿಗೆ ಮೊದಮೊದಲು ಯಾರೂ ಹತ್ತಿರ ಜಾಗ ಕೊಡಲಿಲ್ಲ. ಅವಳು ತುದಿಯಲ್ಲಿ ಒಬ್ಬಳೇ ಕೀಳುತ್ತಿದ್ದಳು. ಹಲಗೆಯ ಮೇಲೆ ನಿಂತು ಅಭ್ಯಾಸವಾದ ಕಾಲಿಗೆ ಬಂಡೆಯ ಜಾಡು ಸಿಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಮುಗ್ಗರಿಸುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ, ಕಡಲು ಪೂರ್ತಿ ಇಳಿದಿದ್ದಾಗ, ಅವಳು ಒಂದು ಚಪ್ಪಟೆ ಕಲ್ಲಿನ ಮೇಲೆ ಕಾಲಿಡಲು ಹೋದಳು. ಹತ್ತು ಮಾರು ದೂರದಲ್ಲಿ ಬಗ್ಗಿದ್ದ ದೊಡ್ಡಮ್ಮನ ಸೊಸೆ ತಲೆ ಎತ್ತದೆಯೇ ಹೇಳಿದಳು:

"ಅದು ಅಲ್ಲಾಡುತ್ತೆ. ಈ ಕಡೆಯಿಂದ ಬಾ."

ಹಬೆಯಕ್ಕ ಕಾಲು ಹಿಂದಕ್ಕೆ ತೆಗೆದು, ಆ ಕಡೆಯಿಂದ ಹೋದಳು.